ಸಹಾಯ ಕೇಳಬೇಡಿ, ಸರದಿ ಕೇಳಿ

ಪ್ರಶ್ನೆ: ಮೇಡಂ, ನನಗೆ 54 ವರ್ಷ, ನಮ್ಮತ್ತೆಗೆ 82. ಮೂರು ವರ್ಷದಿಂದ ಅವರಿಗೆ ಮರೆವಿನ ಕಾಯಿಲೆ. ಊಟ ಮಾಡಿ ಕೈ ತೊಳೆದ ಹತ್ತು ನಿಮಿಷಕ್ಕೆ ಪಕ್ಕದ ಮನೆಯವರನ್ನು ಕೂಗಿ ‘ಸೊಸೆ ನನಗೆ ಅನ್ನ ಹಾಕಿಲ್ಲ’ ಅನ್ನುತ್ತಾರೆ. ಸಂಜೆಯಾದರೆ ‘ನಮ್ಮನೆಗೆ ಹೋಗ್ಬೇಕು’ ಅಂತ ಬಟ್ಟೆ ಗಂಟು ಕಟ್ಟಿಕೊಂಡು ಬಾಗಿಲ ಹತ್ತಿರ ನಿಲ್ಲುತ್ತಾರೆ. ರಾತ್ರಿ ಮೂರು ನಾಲ್ಕು ಸಲ ಎದ್ದು ಚಿಲಕ ತೆಗೆಯುತ್ತಾರೆ. ಯಜಮಾನರದು ಹಾರ್ಡ್‌ವೇರ್ ಅಂಗಡಿ. ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಬರುವುದು ರಾತ್ರಿ ಒಂಬತ್ತಕ್ಕೆ. ಮಂಗಳವಾರ ಅಂಗಡಿಗೆ ರಜೆ, ಅವತ್ತು ಬ್ಯಾಂಕು, ಮದುವೆ ಮನೆ ಅಂತ ಹೊರಗೇ ಇರುತ್ತಾರೆ. ಮೈದುನ ಬೆಂಗಳೂರಿನಲ್ಲಿ, ನಾದಿನಿ ಮೈಸೂರಿನಲ್ಲಿ. ವಿಡಿಯೊ ಕಾಲ್ ಮಾಡಿದಾಗೆಲ್ಲ ‘ಅಮ್ಮ ಯಾಕೆ ಇಷ್ಟು ಇಳಿದು ಹೋಗಿದ್ದಾರೆ’ ಅಂತ ನನ್ನನ್ನೇ ಕೇಳುತ್ತಾರೆ. ನನಗೂ ಶುಗರ್ ಇದೆ, ಮಾತ್ರೆ ಎಷ್ಟೋ ದಿನ ತಪ್ಪುತ್ತದೆ. ಹೋದ ವಾರ ಸ್ನಾನ ಮಾಡಿಸುವಾಗ ಅವರು ಚೊಂಬು ಎತ್ತಿ ಹೊಡೆದರು. ನಾನೂ ಕೈ ಮಾಡಿಬಿಟ್ಟೆ. ಆಮೇಲೆ ಬಚ್ಚಲಲ್ಲೇ ಅಳುತ್ತಾ ಕೂತಿದ್ದೆ. ‘ಇವರು ಹೋಗಿಬಿಟ್ಟರೆ ಸಾಕಪ್ಪಾ’ ಅಂತಲೂ ಎಷ್ಟೋ ಸಲ ಅನ್ನಿಸುತ್ತದೆ. ನಾನು ಇಷ್ಟು ಕೆಟ್ಟವಳಾ?
– ಹೆಸರು ಬೇಡ, ಹಾಸನ

ಉತ್ತರ: ಮೊದಲು ಬಚ್ಚಲಮನೆಯ ಮಾತನ್ನೇ ಆಡೋಣ. ನಿಮ್ಮನ್ನು ಕೊರೆಯುತ್ತಿರುವುದು ಅದೇ.

ಕೈ ಮಾಡಿದ್ದು ತಪ್ಪು. ಅದನ್ನು ನಿಮಗೆ ನಾನು ಹೇಳಬೇಕಿಲ್ಲ, ಹೇಳಿಕೊಂಡೇ ಅತ್ತಿದ್ದೀರಿ. ಆದರೆ ಆ ಏಟಿನ ಹಿಂದೆ ಎಷ್ಟು ರಾತ್ರಿಗಳ ನಿದ್ದೆ ಕೆಟ್ಟಿತ್ತು ಅಂತ ಲೆಕ್ಕ ಹಾಕಿ. ನಿದ್ದೆಯಿಲ್ಲದ, ಮಾತ್ರೆ ತಪ್ಪಿದ, ಬೆಳಗಿನಿಂದ ಒಂದು ಲೋಟ ಕಾಫಿಯನ್ನೂ ಕೂತು ಕುಡಿಯದ ಒಬ್ಬಳು ಹೆಂಗಸು, ಮುಖಕ್ಕೆ ಚೊಂಬಿನ ಏಟು ಬಿದ್ದಾಗ ಶಾಂತವಾಗಿ ಇರಬೇಕಿತ್ತು ಅಂತ ಯಾರು ಹೇಳಿದರೂ ನಾನು ಒಪ್ಪುವುದಿಲ್ಲ. ಇದು ಕೆಟ್ಟತನವಲ್ಲ. ಜೀವ ಬಳಲಿದಾಗ ಹೀಗಾಗುತ್ತದೆ. ಹಾಗೆಂದು ಇದು ಮತ್ತೆ ಆಗಬಾರದು. ಅದಕ್ಕೆ ನಿಮ್ಮ ಮನಸ್ಸನ್ನು ಬೈದುಕೊಂಡರೆ ಪ್ರಯೋಜನವಿಲ್ಲ, ದಿನದ ಏರ್ಪಾಟು ಬದಲಾಗಬೇಕು.

ಅತ್ತೆಗೆ ದಿನಾ ತಲೆಯಿಂದ ಕಾಲಿನವರೆಗೆ ನೀರು ಹಾಕಲೇಬೇಕು ಅಂತೇನಿಲ್ಲ. ವಾರಕ್ಕೆ ಎರಡು ಸಲ ಸ್ನಾನ, ಉಳಿದ ದಿನ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೈ ಒರೆಸಿದರೆ ಸಾಕು. ಸ್ನಾನವಿಲ್ಲದೆ ದೇವರ ಮನೆಗೆ ಹೇಗೆ ಅಂತ ಮನೆಯಲ್ಲಿ ಮಾತು ಬರಬಹುದು. ಬರಲಿ. ಮರೆವಿನ ಕಾಯಿಲೆಯವರಿಗೆ ತಲೆಯ ಮೇಲೆ ದಿಢೀರನೆ ಬೀಳುವ ನೀರು, ಬೇರೆಯವರ ಕೈ ತಮ್ಮ ಸೀರೆ ಬಿಚ್ಚುವುದು, ಎರಡೂ ಭಯ ಹುಟ್ಟಿಸುತ್ತವೆ. ಚೊಂಬು ಎತ್ತಿಸಿದ್ದು ಆ ಭಯ. ನಿಮ್ಮ ಮೇಲಿನ ದ್ವೇಷ ಅಲ್ಲ. ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಹೆಗಲಿಗೆ ಒಂದು ಟವೆಲ್ ಹೊದಿಸಿ, ಕಾಲಿನಿಂದ ಶುರು ಮಾಡಿ ನೀರು ಹಾಕಿ. ಕೈ ಎತ್ತುವಷ್ಟು ಸಿಟ್ಟು ಬಂತು ಅಂದರೆ, ಅವರು ಕೂತಿರುವ ಜಾಗ ಜಾರುವಂಥದ್ದಲ್ಲ ಅಂತ ನೋಡಿಕೊಂಡು ಹಿತ್ತಲಿಗೆ ಹೋಗಿ ಐದು ನಿಮಿಷ ನಿಂತುಬಿಡಿ. ಮೈ ಒದ್ದೆಯಿದ್ದರೆ ಟವೆಲ್ ಸುತ್ತಿ ಹೋಗಿ. ಅರ್ಧ ಸ್ನಾನದಿಂದ ಯಾರಿಗೂ ಏನೂ ಆಗುವುದಿಲ್ಲ.

ಸಂಜೆಯ ‘ನಮ್ಮನೆಗೆ ಹೋಗ್ಬೇಕು’ ಅನ್ನುವುದು ಈ ಕಾಯಿಲೆಯ ಬಹಳ ಮನೆಗಳಲ್ಲಿ ಕೇಳುವ ಮಾತು. ಹೊತ್ತು ಮುಳುಗುವಾಗ ಅವರ ಗೊಂದಲ ಹೆಚ್ಚುತ್ತದೆ. ‘ಇದೇ ನಿಮ್ಮನೆ, ನಲವತ್ತು ವರ್ಷದಿಂದ ಇಲ್ಲೇ ಇದ್ದೀರಿ’ ಅಂತ ವಾದ ಮಾಡಿ ಗೆಲ್ಲುವುದು ಆಗದ ಕೆಲಸ. ಆ ಮನೆ ಅವರ ತವರು ಇರಬೇಕು. ‘ಬೆಳಗಾಗಲಿ ಅತ್ತೆ, ಹೋಗೋಣ. ನಿಮ್ಮ ಹಿತ್ತಲಲ್ಲಿ ಏನೇನು ಗಿಡ ಇತ್ತು?’ ಅಂತ ಕೇಳಿ ನೋಡಿ. ಕತ್ತಲಾಗುವ ಮೊದಲೇ ದೀಪ ಹಾಕಿ, ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗೆ ಮುಗಿಸಿ, ನಾಲ್ಕರ ಮೇಲೆ ಕಾಫಿ ಬೇಡ. ಮುಂಬಾಗಿಲಿಗೆ ಇನ್ನೊಂದು ಚಿಲಕವನ್ನು ಅವರ ಕಣ್ಣಿಗೆ ಬೀಳದ ಹಾಗೆ ತೀರಾ ಮೇಲೆ ಹಾಕಿಸಿ. ಒಂದು ವಿಷಯ ನೆನಪಿಡಿ: ಗೊಂದಲ ಎರಡು ದಿನದಲ್ಲಿ ಇದ್ದಕ್ಕಿದ್ದಂತೆ ಹೆಚ್ಚಾದರೆ ಅದು ಮರೆವಿನ ಕಾಯಿಲೆ ಬಲಿತದ್ದೇ ಆಗಿರಬೇಕಿಲ್ಲ. ಮೂತ್ರದ ಸೋಂಕು, ಮಲಬದ್ಧತೆ, ಹೊಸದಾಗಿ ಶುರುವಾದ ಮಾತ್ರೆ, ಇವೂ ಕಾರಣ ಇರಬಹುದು, ವೈದ್ಯರಿಗೆ ತೋರಿಸಿ. ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆಯನ್ನು ನೀವೇ ತಂದು ಕೊಡಬೇಡಿ. ಅದರ ಮಂಪರಿನಲ್ಲಿ ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ.

ಇಷ್ಟು ಅವರ ವಿಷಯ. ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ.

ನನ್ನ ಬಳಿ ಬರುವ ನಿಮ್ಮಂಥ ಹೆಂಗಸರ ಕೈಯಲ್ಲಿ ಯಾವಾಗಲೂ ಒಂದು ದಪ್ಪ ಫೈಲು ಇರುತ್ತದೆ. ಅತ್ತೆಯ ಸ್ಕ್ಯಾನ್, ಅತ್ತೆಯ ರಕ್ತ ಪರೀಕ್ಷೆ, ಅತ್ತೆಯ ಮಾತ್ರೆ ಚೀಟಿ. ‘ನಿಮ್ಮದು?’ ಅಂತ ಕೇಳಿದರೆ ಒಂದು ಕಾಗದವೂ ಹೊರಗೆ ಬರುವುದಿಲ್ಲ. 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಆಗಾಗ ನೆನಪಾಗುತ್ತದೆ. ಕಾಯಿಲೆಯ ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳುತ್ತಾ ಅದರಿಂದ ಹೈರಾಣಾಗಿದ್ದ ವೃದ್ಧರನ್ನು, ಅಂಥ ಹೊರೆಯಿಲ್ಲದವರ ಜೊತೆ ಹೋಲಿಸಿ ನಾಲ್ಕು ವರ್ಷ ಗಮನಿಸಿದಾಗ, ಹೈರಾಣಾದವರಲ್ಲಿ ಸಾವಿನ ಅಪಾಯ ಶೇ 63ರಷ್ಟು ಹೆಚ್ಚಿತ್ತು. ನೀವು ಅಷ್ಟು ವಯಸ್ಸಾದವರಲ್ಲ, ನಿಜ. ಆದರೆ ಶುಗರ್ ಇದ್ದು ಮಾತ್ರೆ ತಪ್ಪಿಸುತ್ತಿರುವವರು. ಅತ್ತೆಯ ಮಾತ್ರೆ ಡಬ್ಬಿಯ ಪಕ್ಕದಲ್ಲೇ ನಿಮ್ಮದೂ ಇರಲಿ. ಅವರಿಗೆ ಕೊಡುವ ಮೊದಲು ನೀವು ನುಂಗಿ. ಅವರ ಮಾತ್ರೆಯನ್ನು ನೀವು ಮರೆಯುವವರಲ್ಲ, ಹಾಗಾಗಿ ನಿಮ್ಮದೂ ತಪ್ಪುವುದಿಲ್ಲ.

‘ಹೋಗಿಬಿಟ್ಟರೆ ಸಾಕು’ ಅನ್ನಿಸುವುದರ ಬಗ್ಗೆ: ವರ್ಷಗಟ್ಟಲೆ ಆರೈಕೆ ಮಾಡಿದ ಎಷ್ಟೋ ಜನ ಇದನ್ನು ನನ್ನ ಮುಂದೆ ತಗ್ಗಿದ ದನಿಯಲ್ಲಿ ಹೇಳಿದ್ದಾರೆ. ಅದು ಶಾಪವಲ್ಲ. ಇಬ್ಬರ ಕಷ್ಟವೂ ಮುಗಿಯಲಿ ಅನ್ನುವ ಆಸೆ. ಬಂದು ಹೋಗುವ ಯೋಚನೆಗೆ ಪಾಪದ ಹೆಸರು ಕಟ್ಟಬೇಡಿ. ಆದರೆ ‘ನಾನೇ ಇರಬಾರದು’ ಅಂತ ಅನ್ನಿಸಿದರೆ, ಅಥವಾ ಮತ್ತೆ ಕೈ ಮಾಡಿಬಿಡುತ್ತೇನೇನೋ ಅನ್ನುವ ಭಯ ಬಂದರೆ, ತಡಮಾಡದೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದು.

ಇನ್ನು ಮನೆಯವರ ಮಾತು. ನೀವು ಕಾಗದದಲ್ಲಿ ಬರೆಯದೆ ಬಿಟ್ಟದ್ದು ನನ್ನ ಕಣ್ಣಿಗೆ ಬಿತ್ತು. ಅತ್ತೆಯ ಮೂವರು ಮಕ್ಕಳು ನಿಮ್ಮ ಪತ್ರದಲ್ಲಿ ಬರುತ್ತಾರೆ, ನೀವು ಆ ಮೂವರಲ್ಲಿ ಒಬ್ಬರಲ್ಲ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಬಂದ ಕಾಯ್ದೆ ‘ಮಕ್ಕಳು’ ಅಂದರೆ ಯಾರು ಅಂತ ಬಿಡಿಸಿ ಹೇಳುತ್ತದೆ: ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆಯ ಹೆಸರು ಆ ಪಟ್ಟಿಯಲ್ಲಿಲ್ಲ. ನೀವು ಕೋರ್ಟು ಕಚೇರಿ ಹತ್ತಬೇಕು ಅಂತ ಇದನ್ನು ಹೇಳುತ್ತಿಲ್ಲ. ಮೂರು ವರ್ಷದಿಂದ ನೀವು ಮಾಡಿದ್ದು ಪ್ರೀತಿಯಿಂದ, ಮನೆತನದ ಮೇಲಿನ ಅಭಿಮಾನದಿಂದ ಮಾಡಿದ್ದು. ಅದನ್ನು ನಿಮ್ಮೊಬ್ಬರ ಕರ್ತವ್ಯ ಅಂತ ಉಳಿದವರು ಅಂದುಕೊಂಡಿರುವುದು ಸರಿಯಲ್ಲ. ‘ಸ್ವಲ್ಪ ಸಹಾಯ ಮಾಡಿ’ ಅಂತ ನೀವು ಕೇಳಿದ ಕ್ಷಣವೇ ಕೆಲಸ ನಿಮ್ಮದು ಅಂತ ಒಪ್ಪಿಕೊಂಡ ಹಾಗಾಗುತ್ತದೆ. ಸಹಾಯ ಮಾಡುವವರಿಗೆ ಪುರುಸೊತ್ತು ಇದ್ದರೆ ಬರುತ್ತಾರೆ, ಇಲ್ಲದಿದ್ದರೆ ಇಲ್ಲ. ಸರದಿ ಹಾಗಲ್ಲ. ಹೊಲಕ್ಕೆ ನೀರು ಬಿಡುವ ಸರದಿ ಇದ್ದ ಹಾಗೆ, ಅವರವರ ಹೊತ್ತಿಗೆ ಅವರವರು ಇರಲೇಬೇಕು.

ಮೂವರನ್ನೂ ಒಂದು ದಿನ ಕೂರಿಸಿ ವಾರ, ಗಂಟೆ, ಹಣ ಮೂರನ್ನೂ ಕಾಗದದ ಮೇಲೆ ಬರೆಯಿರಿ. ಮಂಗಳವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಗನದು. ಊಟ ಮಾಡಿಸುವುದು, ಬಚ್ಚಲಿಗೆ ಕರೆದುಕೊಂಡು ಹೋಗುವುದು ಎಲ್ಲ ಸೇರಿ. ಆ ಹೊತ್ತಿನಲ್ಲಿ ನೀವು ಮನೆಯಲ್ಲಿರಬೇಡಿ, ಇದ್ದರೆ ‘ಸ್ವಲ್ಪ ಬಾ’ ಅಂತ ಕರೆಯುತ್ತಾರೆ. ಮೈದುನನಿಗೆ ಬರಲಾಗದಿದ್ದರೆ ವಾರಕ್ಕೆ ಎರಡು ರಾತ್ರಿ ಮಲಗಲು ಬರುವ ಆಯಾಗೆ ಹಣ ಕೊಡಲಿ. ಆ ಎರಡು ರಾತ್ರಿ ನೀವು ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿ. ನಾದಿನಿ ಎರಡು ತಿಂಗಳಿಗೊಮ್ಮೆ ನಾಲ್ಕು ದಿನ ಬಂದು ಇರಲಿ. ವಿಡಿಯೊದಲ್ಲಿ ಕಾಣದ್ದು ಆಗ ಅವರಿಗೇ ಕಾಣುತ್ತದೆ.

ಬಂದು ಇರಲಿ ಅಂದೆ, ಕರೆದುಕೊಂಡು ಹೋಗಲಿ ಅನ್ನಲಿಲ್ಲ. ಎರಡೆರಡು ತಿಂಗಳು ಒಬ್ಬೊಬ್ಬರ ಮನೆ ಅಂತ ಮಾಡುವ ಪದ್ಧತಿ ನಮ್ಮಲ್ಲಿದೆ. ಗಟ್ಟಿಮುಟ್ಟಾದ ಅಜ್ಜಿಗೆ ಅದು ಸರಿ. ಮರೆವಿನ ಕಾಯಿಲೆಯವರಿಗೆ ಬಚ್ಚಲು ಯಾವ ಕಡೆ ಅನ್ನುವುದೇ ಗೊತ್ತಾಗದ ಹೊಸ ಮನೆ ಭಯ ತರುತ್ತದೆ, ಕಾಯಿಲೆ ಇನ್ನಷ್ಟು ಜೋರಾದ ಹಾಗೆ ಕಾಣುತ್ತದೆ. ಅವರು ಇದ್ದಲ್ಲೇ ಇರಲಿ, ನೋಡಿಕೊಳ್ಳುವವರು ಬದಲಾಗಲಿ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥ ಸಂಸ್ಥೆಗಳು ಈ ಕಾಯಿಲೆಯವರಿಗೆಂದೇ ಹಗಲು ಹೊತ್ತಿನ ಕೇಂದ್ರ ನಡೆಸುತ್ತವೆ. ಅಂಥವು ಪ್ರತಿ ಜಿಲ್ಲೆಯಲ್ಲೂ ಬರುವ ತನಕ ನಮ್ಮ ಊರುಗಳಲ್ಲಿ ಮನೆಯವರ ಸರದಿಯೇ ಗತಿ.

ನೀವಿಲ್ಲದ ಮಂಗಳವಾರ ಅತ್ತೆ ಸರಿಯಾಗಿ ಉಣ್ಣದೆ ಇರಬಹುದು, ಸೀರೆ ಒದ್ದೆಯಾಗಿರಬಹುದು. ವಾಪಸ್ ಬಂದು ‘ನಾನೇ ಇರಬೇಕಿತ್ತು’ ಅನ್ನಬೇಡಿ. ಎರಡು ಮೂರು ವಾರದಲ್ಲಿ ನಿಮ್ಮ ಯಜಮಾನರು ಕಲಿಯುತ್ತಾರೆ. ನೀವೂ ಹೀಗೇ ಕಲಿತವರು.

ಈ ಪುಟವನ್ನು ಮಡಚಿ ಅಂಗಡಿಯ ಗಲ್ಲಾದ ಮೇಲೆ ಇಡಿ. ನಿಮ್ಮ ಯಜಮಾನರಿಗೆ ನನ್ನದೊಂದು ಮಾತು: ಸ್ವಾಮಿ, ನಿಮ್ಮ ತಾಯಿ ಮೂರು ವರ್ಷದಿಂದ ಒಬ್ಬರ ಕೈಯಲ್ಲೇ ಇದ್ದಾರೆ. ಆ ಕೈ ಸೋತಿದೆ. ಬರುವ ಮಂಗಳವಾರ ಬ್ಯಾಂಕಿನ ಕೆಲಸ ಇಟ್ಟುಕೊಳ್ಳಬೇಡಿ. ಅವತ್ತು ಬೆಳಿಗ್ಗೆ ನಿಮ್ಮ ಮನೆಯಾಕೆ ಖಾಲಿ ಹೊಟ್ಟೆಯಲ್ಲಿ ಹೋಗಿ ಶುಗರ್ ಪರೀಕ್ಷೆ ಮಾಡಿಸಿಕೊಂಡು ಬರಲಿ.