ಸ್ಟುಡಿಬೇಕರ್ ಕಾರೂ ಅದನ್ನು ಮಾಡಿದವರೂ

ತಯಾರಿಸಿದ ಕಂಪನಿಯೇ ಕಾರಿನ ವ್ಯಾಪಾರವನ್ನು ತೊರೆದುಬಿಟ್ಟ ಮೇಲೆ ಅದರ ಕಾರನ್ನು ಹಣ ತೆತ್ತು ಕೊಳ್ಳುವವನನ್ನು ಲೋಕವು ಅವಿವೇಕಿಯೆಂದು ಎಣಿಸುವುದು ಸಹಜ. ಆದರೆ ವಿದ್ಯಾರ್ಥಿವೇತನದ ಅಲ್ಪ ಹಣದಲ್ಲಿ ತಿಂಗಳನ್ನು ನೂಕಬೇಕಾದವನಿಗೆ ಲೋಕಾಭಿಪ್ರಾಯಕ್ಕಿಂತ ಕಾರಿನ ಬೆಲೆಯೇ ಪ್ರಬಲವಾದ ತರ್ಕ. ನಾನು ವ್ಯಾಸಂಗಕ್ಕೆಂದು ಅಮೆರಿಕದ ಇಂಡಿಯಾನಾ ಸಂಸ್ಥಾನವನ್ನು ಸೇರಿದ್ದು ಅರುವತ್ತರ ದಶಕದ ಕಡೆಯ ಭಾಗದಲ್ಲಿ. ಅದೇ ಸಂಸ್ಥಾನದ ಉತ್ತರದ ಅಂಚಿನಲ್ಲಿರುವ ಸೌತ್ ಬೆಂಡ್ ಎಂಬ ಊರಿನ ಸ್ಟುಡಿಬೇಕರ್ ಕಾರ್ಖಾನೆಯಿಂದ ಕೊನೆಯ ಕಾರು ಹೊರಬಿದ್ದದ್ದು 1963ರ ಡಿಸೆಂಬರ್ 20ರಂದು. ಕೆನಡಾದ ಹ್ಯಾಮಿಲ್ಟನ್ನಿನಲ್ಲಿ ಉಳಿದುಕೊಂಡಿದ್ದ ಶಾಖೆಯೂ 1966ರ ಮಾರ್ಚಿಗೆ ನಿಂತುಹೋಗಿತ್ತು. ಹೀಗಾಗಿ ಸುಸ್ಥಿತಿಯಲ್ಲಿದ್ದ ಸ್ಟುಡಿಬೇಕರನ್ನು ಕೂಡ ಕೇಳುವವರಿಲ್ಲದೆ, ಅದೇ ವಯಸ್ಸಿನ ಫೋರ್ಡಿಗೋ ಶೆವರ್ಲೆಗೋ ಕೊಡಬೇಕಾಗಿದ್ದುದಕ್ಕಿಂತ ಬಹಳ ಕಡಮೆ ಹಣಕ್ಕೆ 1960ರ ಮಾದರಿಯ ಲಾರ್ಕ್ ಒಂದು ನನ್ನ ಪಾಲಿಗೆ ಬಂದಿತು. ಬಿಡಿಭಾಗಕ್ಕೆ ಎಲ್ಲಿಗೆ ಹೋಗುತ್ತೀಯೆ ಎಂದು ಕೇಳಿದವರು ಬಹಳ ಮಂದಿ. ಆ ಪ್ರಶ್ನೆಗೆ ದೊರೆತ ಉತ್ತರವು ನಾನು ಊಹಿಸಿದ್ದ ದಿಕ್ಕಿನಿಂದ ಬರಲಿಲ್ಲವಾದ್ದರಿಂದಲೇ ಈ ಲೇಖನ.

ಮೊದಲು ಕಾರಿನ ಗುಣವನ್ನು ಹೇಳಬೇಕು. ಆರು ಸಿಲಿಂಡರಿನ, 90 ಅಶ್ವಶಕ್ತಿಯ, ಹಳೆಯ ಕಾಲದ ಎಂಜಿನ್ನು ಅದರದು; ವೇಗದ ವಿಷಯದಲ್ಲಿ ಯಾರ ಮುಂದೆಯೂ ಜಂಬ ಕೊಚ್ಚುವಂತಿರಲಿಲ್ಲ. ಆದರೆ ಅದರ ಎರಡು ಉಪಕರಣಗಳು ನನ್ನನ್ನು ಅದಕ್ಕೆ ಕಟ್ಟಿಹಾಕಿದವು. ಓವರ್‌ಡ್ರೈವ್ ಎಂಬುದು ಒಂದು: ಗಂಟೆಗೆ ಸುಮಾರು 30 ಮೈಲಿಯ ವೇಗವನ್ನು ದಾಟಿ, ಕ್ಷಣಕಾಲ ಕಾಲನ್ನು ಆಕ್ಸಿಲರೇಟರಿನಿಂದ ಮೇಲೆತ್ತಿದೊಡನೆ ಗೇರಿನ ಪೆಟ್ಟಿಗೆಯ ಹಿಂದಿನಿಂದ ಒಂದು ಮೆಲ್ಲನೆಯ ತಟ್ಟು ಕೇಳಿಬಂದು, ಎಂಜಿನ್ನಿನ ಗದ್ದಲ ಇಳಿದು, ಗಾಡಿಯ ಓಟ ಮಾತ್ರ ಹಾಗೆಯೇ ಮುಂದುವರಿಯುತ್ತಿತ್ತು; ಪೆಟ್ರೋಲಿನ ಉಳಿತಾಯವು ತಿಂಗಳ ಕೊನೆಯಲ್ಲಿ ಜೇಬಿಗೇ ತಿಳಿಯುತ್ತಿತ್ತು. ಇನ್ನೊಂದು, ಈ ಕಂಪನಿಯ ಕಾರುಗಳಲ್ಲಿ 1936ರಿಂದಲೂ ಬಂದಿದ್ದ ‘ಹಿಲ್ ಹೋಲ್ಡರ್’. ಏರಿನಲ್ಲಿ ಕಾರನ್ನು ನಿಲ್ಲಿಸಿ, ಕ್ಲಚ್ಚನ್ನು ಅದುಮಿ, ಬ್ರೇಕನ್ನೊಮ್ಮೆ ಒತ್ತಿ ಬಿಟ್ಟರೆ ಬ್ರೇಕಿನ ಕೊಳವೆಯ ನಡುವೆ ಅಡಗಿಸಿಟ್ಟ ಒಂದು ಉಕ್ಕಿನ ಗುಂಡು ಇಳಿಜಾರಿನ ದೆಸೆಯಿಂದ ತಾನಾಗಿ ಹಿಂದಕ್ಕೆ ಉರುಳಿ, ಎಣ್ಣೆ ಮರಳಿಹೋಗುವ ದಾರಿಯನ್ನು ಮುಚ್ಚಿ, ಚಕ್ರಗಳನ್ನು ಹಿಡಿದಿಟ್ಟುಬಿಡುತ್ತಿತ್ತು. ಕ್ಲಚ್ಚನ್ನು ಬಿಡುತ್ತ ಬಂದಂತೆ ಒಂದು ಸಣ್ಣ ಸರಳು ಆ ಹಿಡಿತವನ್ನು ಸಡಿಲಿಸುತ್ತಿತ್ತು. ವಿದ್ಯುತ್ತಿಲ್ಲ, ಗಾಳಿಯ ಒತ್ತಡವಿಲ್ಲ. ಭೂಮಿಯ ಆಕರ್ಷಣೆಯೊಂದೇ ಅದರ ಬಲ. ಆಗುಂಬೆಯ ಘಾಟಿಯಲ್ಲಿ ಬಸ್ಸು ನಿಂತೊಡನೆ ಕ್ಲೀನರು ಹಾರಿಳಿದು ಹಿಂದಿನ ಗಾಲಿಗೆ ಕಲ್ಲು ಒತ್ತುಕೊಡುವುದನ್ನು ಕಂಡು ಬೆಳೆದಿದ್ದ ನನಗೆ ಆ ಉಕ್ಕಿನ ಗುಂಡು ಸಂಬಳ ಕೇಳದ ಕ್ಲೀನರಂತೆಯೇ ತೋರುತ್ತಿತ್ತು. ಇಂಡಿಯಾನಾದ ಆ ಭಾಗದಲ್ಲಿ ಏರೆಂಬುದೇ ಅಪರೂಪವಾದ್ದರಿಂದ ಆತನಿಗೆ ಕೆಲಸ ಸಿಕ್ಕುತ್ತಿದ್ದುದು ಕಡಮೆ ಎಂಬುದು ಬೇರೆ ಮಾತು.

ಇಂತಹ ಕಾರನ್ನು ಮಾಡಿದ ಮನೆತನವು ಮೂಲತಃ ಕಮ್ಮಾರರದು. 1852ರಲ್ಲಿ ಹೆನ್ರಿ ಮತ್ತು ಕ್ಲೆಮೆಂಟ್ ಎಂಬ ಅಣ್ಣತಮ್ಮಂದಿರು 68 ಡಾಲರ್ ಬಂಡವಾಳದಿಂದ ಸೌತ್ ಬೆಂಡಿನಲ್ಲಿ ಕುಲುಮೆ ಹೂಡಿದರು. ಇನ್ನೊಬ್ಬ ತಮ್ಮನಾದ ಜಾನ್ ಮರುವರ್ಷ ಚಿನ್ನದ ಆಸೆಯಿಂದ ಕ್ಯಾಲಿಫೋರ್ನಿಯಾಕ್ಕೆ ಹೋದವನು, ಅಲ್ಲಿನ ಪ್ಲಾಸರ್‌ವಿಲ್‌ನಲ್ಲಿ ಚಿನ್ನವನ್ನು ಅಗೆಯುವುದಕ್ಕೆ ಬದಲಾಗಿ ಅಗೆಯುವವರಿಗೆ ಬೇಕಾದ ಒಂಟಿಗಾಲಿಯ ಕೈಬಂಡಿಗಳನ್ನು ಮಾಡಿಕೊಡುತ್ತ ಕುಳಿತು, 8,000 ಡಾಲರನ್ನು ಕೂಡಿಸಿ, 1858ರಲ್ಲಿ ಊರಿಗೆ ಮರಳಿ ಹೆನ್ರಿಯ ಪಾಲನ್ನು ಕೊಂಡುಕೊಂಡನು. ಯುದ್ಧವನ್ನು ಒಪ್ಪದ ಕ್ರೈಸ್ತ ಪಂಥವೊಂದಕ್ಕೆ ಸೇರಿದ್ದ ಹೆನ್ರಿಗೆ ಸೈನ್ಯಕ್ಕಾಗಿ ಬಂಡಿ ಕಟ್ಟುವುದು ಮನಸ್ಸಿಗೆ ಒಗ್ಗಿರಲಿಲ್ಲವೆಂದು ಹೇಳುತ್ತಾರೆ. ಅನಂತರ ಬಂದ ಅಂತರ್ಯುದ್ಧದಲ್ಲಿ ಉತ್ತರದ ಸೈನ್ಯಕ್ಕೆ ಒದಗಿಸಿದ ಬಂಡಿಗಳಿಂದಲೇ ಆ ಸಂಸ್ಥೆಯು ಬೆಳೆದದ್ದು ನಿಜ. 1902ರಲ್ಲಿ ವಿದ್ಯುತ್ತಿನ ಕಾರು, 1904ರಲ್ಲಿ ಪೆಟ್ರೋಲಿನ ಕಾರು, 1920ರಲ್ಲಿ ಬಂಡಿಗಳಿಗೆ ಮಂಗಳ. ಕುದುರೆಯ ಬಂಡಿಯಿಂದ ಮೋಟಾರಿಗೆ ದಾಟಲು ಹೊರಟ ಅಸಂಖ್ಯ ಬಂಡಿಯವರಲ್ಲಿ ಇಷ್ಟು ದೂರ ಬಂದು ಮುಟ್ಟಿದವರು ಇವರೇ.

ಮುಂದಿನ ಕಥೆಯು ಏರಿಳಿತಗಳದು. ಅದರಲ್ಲಿ ನನ್ನನ್ನು ಕಾಡುವವನು ಆಲ್ಬರ್ಟ್ ಅರ್ಸ್ಕಿನ್. ಮೂವತ್ತರ ಮಹಾಕುಸಿತವು ಇಂದು ನಾಳೆ ಹೋಗಿಬಿಡುವುದೆಂಬ ನಂಬಿಕೆಯಲ್ಲಿ ಈ ಅಧ್ಯಕ್ಷನು ಲಾಭವನ್ನು ಮೀರಿ ಷೇರುದಾರರಿಗೆ ಲಾಭಾಂಶವನ್ನು ಹಂಚಿದನು. 1933ರ ಮಾರ್ಚಿನಲ್ಲಿ ಕಂಪನಿಯು ನ್ಯಾಯಾಲಯದ ರಕ್ಷಣೆಗೆ ಹೋಯಿತು. ಆ ಜುಲೈ ತಿಂಗಳಲ್ಲಿ ಆತನು ಆತ್ಮಹತ್ಯೆ ಮಾಡಿಕೊಂಡನು. ಕಂಪನಿಯನ್ನು ಮೇಲೆತ್ತಿದವರು ಹೆರಾಲ್ಡ್ ವ್ಯಾನ್ಸ್ ಮತ್ತು ಪಾಲ್ ಹಾಫ್‌ಮನ್. ಎರಡನೆಯ ಮಹಾಯುದ್ಧದ ಬಳಿಕ ಯೂರೋಪಿನ ಪುನರುಜ್ಜೀವನಕ್ಕೆಂದು ಹೂಡಿದ ಮಾರ್ಷಲ್ ಯೋಜನೆಯ ಆಡಳಿತಾಧಿಕಾರಿಯಾದವನು ಈ ಹಾಫ್‌ಮನ್ನನೇ. 1939ರ ಚಾಂಪಿಯನ್ ಎಂಬ ಹಗುರವಾದ ಕಾರು ಸಂಸ್ಥೆಯ ಬೊಕ್ಕಸವನ್ನು ತುಂಬಿತು. ಯುದ್ಧಕಾಲದಲ್ಲಿ ಇವರ ಲಾರಿಗಳು ರಷ್ಯಾದ ಕೆಸರಿನಲ್ಲಿ ಓಡಾಡಿ, ಕತ್ಯೂಷಾ ರಾಕೆಟ್ಟುಗಳನ್ನು ಹೊತ್ತವು. ರೇಮಂಡ್ ಲೋವಿಯ ವಿನ್ಯಾಸಶಾಲೆಯಿಂದ ಬಂದ 1947ರ ಕಾರಿನ ಹಿಂಗಾಜು ಮುಂಗಾಜಿನಷ್ಟೇ ವಿಶಾಲವಾಗಿದ್ದುದರಿಂದ ಅದು ಹೋಗುತ್ತಿದೆಯೋ ಬರುತ್ತಿದೆಯೋ ಎಂದು ಜನ ನಗೆಯಾಡಿದರು, ನಗೆಯಾಡುತ್ತಲೇ ಕೊಂಡರು. 1953ರಲ್ಲಿ ಅದೇ ಶಾಲೆಯ ರಾಬರ್ಟ್ ಬೂರ್ಕ್ ರೂಪಿಸಿದ ಎರಡು ಬಾಗಿಲಿನ ಕಾರನ್ನಂತೂ ಇಂದಿಗೂ ಅಮೆರಿಕದ ಅತ್ಯಂತ ಸುಂದರ ವಾಹನಗಳ ಸಾಲಿನಲ್ಲಿ ನಿಲ್ಲಿಸುತ್ತಾರೆ. ದುರ್ದೈವವೆಂದರೆ, ಜನ ಕೇಳಿದ್ದು ಈ ಎರಡು ಬಾಗಿಲಿನದನ್ನು, ಕಾರ್ಖಾನೆಯು ಹೆಚ್ಚಾಗಿ ಮಾಡಲು ಸಿದ್ಧವಾಗಿದ್ದದ್ದು ನಾಲ್ಕು ಬಾಗಿಲಿನದನ್ನು. ಅದರ ಮೇಲೆ ಮುಂಭಾಗದ ತಗಡುಗಳು ಒಂದಕ್ಕೊಂದು ಕೂಡದೆ ತಿಂಗಳುಗಟ್ಟಲೆ ಕಾಲಹರಣವಾಯಿತು. ಅದೇ ಹೊತ್ತಿಗೆ ಫೋರ್ಡ್ ಮತ್ತು ಶೆವರ್ಲೆಗಳು ಬೆಲೆಯ ಸಮರಕ್ಕೆ ಇಳಿದವು. ಆ ದೈತ್ಯರ ಕಾದಾಟದಲ್ಲಿ ಹೆಚ್ಚು ನವೆದವರು ಕಾದಾಡದ ಸಣ್ಣವರು. 1954ರಲ್ಲಿ ಪ್ಯಾಕರ್ಡ್ ಸಂಸ್ಥೆಯು ಸ್ಟುಡಿಬೇಕರನ್ನು ಕೊಂಡುಕೊಂಡಿತು. ಎರಡು ವರ್ಷಗಳಲ್ಲಿ ಕೊಂಡ ಪ್ಯಾಕರ್ಡಿನ ಡೆಟ್ರಾಯಿಟ್ ಕಾರ್ಖಾನೆಯೇ ಮುಚ್ಚಿತು.

ನನ್ನ ಲಾರ್ಕ್ ಹುಟ್ಟಿದ್ದು ಈ ಬಡತನದಲ್ಲಿ. ಹೊಸ ಕಾರನ್ನು ಆಮೂಲಾಗ್ರವಾಗಿ ರೂಪಿಸಲು ಹಣವಿಲ್ಲದ್ದರಿಂದ 1953ರ ಒಡಲಿನ ನಡುಭಾಗವನ್ನು ಹಾಗೆಯೇ ಉಳಿಸಿಕೊಂಡು, ಮೂಗನ್ನೂ ಬಾಲವನ್ನೂ ಕತ್ತರಿಸಿ ಮೋಟು ಮಾಡಿ, 1959ರ ಮಾದರಿಯೆಂದು ಮಾರುಕಟ್ಟೆಗೆ ಬಿಟ್ಟರು. ಉದ್ದುದ್ದ ರೆಕ್ಕೆಯ ಕಾರುಗಳಿಂದ ಬೇಸತ್ತಿದ್ದ ಜನ ಅದನ್ನು ಮುಗಿಬಿದ್ದು ಕೊಂಡರು; ಕಂಪನಿಗೆ ಲಾಭವೂ ಬಂದಿತು. ಆದರೆ 1960ರ ಮಾದರಿಗಳ ಜತೆಗೆ ಮೂವರು ದೊಡ್ಡ ತಯಾರಕರೂ ಫಾಲ್ಕನ್, ಕಾರ್ವೆರ್, ವೇಲಿಯಂಟ್ ಎಂಬ ತಮ್ಮ ತಮ್ಮ ಸಣ್ಣ ಕಾರುಗಳನ್ನು ತಂದಾಗ ಆ ಆಟವೂ ಮುಗಿಯಿತು. ಷೆರ್‌ವುಡ್ ಎಗ್ಬರ್ಟ್ ಎಂಬ ಹುರುಪಿನ ಅಧ್ಯಕ್ಷನು 1962ರಲ್ಲಿ ನಾರುಗಾಜಿನ ಮೈಯುಳ್ಳ ಆವಂಟಿಯನ್ನು ಹೊರತಂದದ್ದು ಕಡೆಯ ಸಾಹಸ. ಕಾರು ಸೊಗಸಾಗಿತ್ತು, ಒಡಲುಗಳು ಕಾಲಕ್ಕೆ ಸರಿಯಾಗಿ ಒದಗಲಿಲ್ಲ, ಎಗ್ಬರ್ಟನ ಆರೋಗ್ಯವೂ ಕೆಟ್ಟಿತು. 1963ರ ಡಿಸೆಂಬರ್ 9ರಂದು ಸೌತ್ ಬೆಂಡಿನ ಕಾರ್ಖಾನೆಯನ್ನು ಮುಚ್ಚುವ ಪ್ರಕಟಣೆ ಹೊರಬಿದ್ದಿತು.

ಇನ್ನು ಬಿಡಿಭಾಗದ ಪ್ರಶ್ನೆ. ಕಂಪನಿಯ ಬಡತನವೇ ಗ್ರಾಹಕನ ಐಶ್ವರ್ಯವಾಗಬಹುದೆಂಬುದನ್ನು ನಾನು ಈ ಕಾರಿನಿಂದ ಅರಿತೆನು. ಪ್ರತಿವರ್ಷವೂ ಹೊಸದನ್ನು ಮಾಡಲು ಶಕ್ತಿಯಿಲ್ಲದೆ ವರ್ಷಾನುಗಟ್ಟಲೆ ಒಂದೇ ಭಾಗವನ್ನು ಬಳಸುತ್ತ ಬಂದವರ ಕಾರಿಗೆ ಹತ್ತು ವರ್ಷ ಹಿಂದಿನ ಗುಜರಿ ಕಾರಿನಿಂದ ಕಳಚಿದ ಭಾಗವೂ ಹೊಂದಿಕೊಳ್ಳುತ್ತಿತ್ತು. ಬೇರಿಂಗು, ಓವರ್‌ಡ್ರೈವು, ಆಕ್ಸಲ್ಲುಗಳನ್ನು ಅವರು ಹೊರಗಿನ ತಯಾರಕರಿಂದ ಕೊಳ್ಳುತ್ತಿದ್ದುದರಿಂದ, ಹಳೆಯ ಬೇರಿಂಗಿನ ಜಿಡ್ಡನ್ನು ಒರೆಸಿ ಅದರ ಅಂಚಿನಲ್ಲಿ ಕೊರೆದಿರುವ ಸಂಖ್ಯೆಯನ್ನು ಓದಿಕೊಂಡು ಹೋದರೆ, ಸ್ಟುಡಿಬೇಕರ್ ಎಂಬ ಹೆಸರನ್ನೇ ಎತ್ತದೆ ಯಾವ ಅಂಗಡಿಯಲ್ಲಾದರೂ ಹೊಸದನ್ನು ಪಡೆಯಬಹುದಾಗಿತ್ತು. ಹೆಸರೆತ್ತಿದರೆ ‘ಅದು ಈಗ ಬರುವುದಿಲ್ಲ’ ಎನ್ನುವ ಅಂಗಡಿಯವನೇ ಸಂಖ್ಯೆ ಹೇಳಿದರೆ ಎದ್ದು ಒಳಗೆ ಹೋಗುತ್ತಿದ್ದನು. ಉಳಿದ ಭಾಗಗಳಿಗಂತೂ ಸೌತ್ ಬೆಂಡ್ ಇದ್ದೇ ಇತ್ತು: ಅಲ್ಲಿನ ಡೀಲರುಗಳಾದ ನೇಥನ್ ಆಲ್ಟ್‌ಮನ್ ಮತ್ತು ಲಿಯೋ ನ್ಯೂಮನ್ನರು ಆವಂಟಿಯ ಹಕ್ಕನ್ನು ಕೊಂಡು, 1965ರಿಂದ ಆ ಕಾರನ್ನು ಕೈಯಿಂದಲೇ ಎಂಬಂತೆ ಸ್ವಲ್ಪಸ್ವಲ್ಪವಾಗಿ ತಯಾರಿಸುತ್ತ ಬಂದರು, ಕಾರ್ಖಾನೆಯಲ್ಲಿ ಮಿಕ್ಕ ಬಿಡಿಭಾಗಗಳ ರಾಶಿಯೂ ಆ ಊರಿನ ಉಗ್ರಾಣಗಳಲ್ಲಿ ಉಳಿದಿತ್ತು.

ಮಂಜನ್ನು ಕರಗಿಸಲೆಂದು ರಸ್ತೆಗೆ ಸುರಿಯುವ ಉಪ್ಪು ನನ್ನ ಕಾರಿನ ಎಡದ ಮಡ್‌ಗಾರ್ಡನ್ನು ತಿಂದುಹಾಕಿದಾಗ, ಅಂತಹ ಉಗ್ರಾಣವೊಂದರಿಂದ ನನಗೆ ಹೊಚ್ಚಹೊಸದೇ ಸಿಕ್ಕಿತು: ಕಪ್ಪು ಪ್ರೈಮರ್ ಬಳಿದದ್ದು, ಕಂದು ಕಾಗದದಲ್ಲಿ ಸುತ್ತಿದ್ದು, ಕಂಪನಿಯ ಚೀಟಿ ಇನ್ನೂ ಅಂಟಿಕೊಂಡಿದ್ದದ್ದು. ಅದನ್ನು ಕಾರಿಗೆ ಕೂಡಿಸಿಕೊಟ್ಟವರು ಅದೇ ಕಾರ್ಖಾನೆಯ ತಗಡಿನ ವಿಭಾಗದಲ್ಲಿ ದುಡಿದಿದ್ದ, ಆಗ ಒಂದು ಶಾಲೆಯ ಕಾವಲಿನ ಕೆಲಸದಲ್ಲಿದ್ದ ಹಿರಿಯರು. ಬೋಲ್ಟುಗಳನ್ನು ಬೆರಳಲ್ಲಿಯೇ ಸಡಿಲವಾಗಿ ತಿರುಗಿಸಿ ನಿಲ್ಲಿಸಿ, ಬಾಗಿಲನ್ನು ಹಲವು ಸಲ ತೆರೆದು ಮುಚ್ಚಿ, ತಗಡಿಗೂ ಬಾಗಿಲಿಗೂ ನಡುವಿನ ಸಂದಿಯಲ್ಲಿ ಒಂದು ರಟ್ಟಿನ ತುಂಡನ್ನು ಮೇಲಿನಿಂದ ಕೆಳಗಿನವರೆಗೆ ಎಳೆದು, ಎಲ್ಲಿಯೂ ತಡೆಯದೆ ಜಾರಿದ ಮೇಲೆಯೇ ಸ್ಪ್ಯಾನರನ್ನು ಮುಟ್ಟಿದರು. ನೆರಳು ಬಿದ್ದ ಕಡೆ ಕಣ್ಣನ್ನು ನಂಬಬೇಡ, ರಟ್ಟನ್ನು ನಂಬು ಎಂದು ಹೇಳಿಕೊಟ್ಟರು. ಕಾರ್ಖಾನೆ ಮುಚ್ಚಿದಾಗ ತಮಗೆ 56 ವರ್ಷವೆಂಬುದನ್ನು ಮಾತಿನ ನಡುವೆ ಹೇಳಿದರೇ ಹೊರತು ಬೇರೆ ದೂರನ್ನೇನೂ ಹೇಳಲಿಲ್ಲ.

ಆ 56ರ ಅರ್ಥ ನನಗೆ ತಿಳಿದದ್ದು ಬಹಳ ತಡವಾಗಿ, ಪಿಂಚಣಿಯ ಕಾನೂನಿನ ಚರ್ಚೆ ಪತ್ರಿಕೆಗಳಲ್ಲಿ ಬಂದಾಗ. ಕಾರ್ಮಿಕ ಸಂಘದೊಡನೆ ಒಪ್ಪಂದವಾಗಿದ್ದ ನಿವೃತ್ತಿ ನಿಧಿಯಲ್ಲಿ, ಕೊಟ್ಟ ಮಾತನ್ನೆಲ್ಲ ಸಲ್ಲಿಸುವಷ್ಟು ಹಣವಿರಲಿಲ್ಲ. ನಿಧಿಯನ್ನು 1964ರಲ್ಲಿ ಹಂಚಿದಾಗ 60 ತುಂಬಿದ ಸುಮಾರು 3,600 ಮಂದಿಗೆ ಪೂರ್ಣ ಪಿಂಚಣಿ ದೊರೆಯಿತು. 40ರಿಂದ 59ರೊಳಗಿನ ಸುಮಾರು 4,000 ಮಂದಿಗೆ, ದೀರ್ಘಕಾಲ ದುಡಿದು ಹಕ್ಕನ್ನು ಗಳಿಸಿದ್ದರೂ, ಡಾಲರಿಗೆ 15 ಸೆಂಟಿನಂತೆ ಕೈಗೆ ಬಂದಿತು. ಉಳಿದ ಸುಮಾರು 2,900 ಮಂದಿಗೆ ಏನೂ ಇಲ್ಲ. ಇತ್ತ ಕಂಪನಿಯು ದಿವಾಳಿಯೂ ಆಗಲಿಲ್ಲ. ಎಂಜಿನ್ನಿನ ಎಣ್ಣೆಗೆ ಬೆರೆಸುವ ದ್ರವವೇ ಮೊದಲಾದ ಬೇರೆ ವ್ಯಾಪಾರಗಳನ್ನು ನಡೆಸುತ್ತ ಬಾಳಿಕೊಂಡಿತು. ಹೇಳಿದ್ದಕ್ಕಿಂತ ತುಸು ಹೆಚ್ಚನ್ನೇ ಕೊಡಬೇಕೆಂಬುದು ಕೈಬಂಡಿಯ ಜಾನನು ಹಾಕಿಕೊಟ್ಟ ನೀತಿಯೆಂದು ಆ ಮನೆತನದ ಇತಿಹಾಸಗಳಲ್ಲಿ ಬರೆದಿರುತ್ತದೆ. ಕಾರಿನ ವಿಷಯದಲ್ಲಿ ಅದು ನಡೆಯಿತೆಂಬುದಕ್ಕೆ ನನ್ನ ಮಡ್‌ಗಾರ್ಡೇ ಸಾಕ್ಷಿ. ಅದನ್ನು ಒತ್ತಿ ತೆಗೆದವರ ವಿಷಯದಲ್ಲಿ ನಡೆಯಲಿಲ್ಲ. ಆದರೂ ಕಾರನ್ನು ನಾನು ದ್ವೇಷಿಸಲಾರೆ. ಅದರಲ್ಲಿದ್ದ ಒಳ್ಳೆಯದೆಲ್ಲ ಆ ಕೈಗಳದೇ ಆಗಿತ್ತು.

ವ್ಯಾಸಂಗ ಮುಗಿದು ಉದ್ಯೋಗಕ್ಕೆ ಸೇರುವ ಕಾಲದಲ್ಲಿ ನಾನು ಸಂಬಳದ ಮಾತಿಗೆ ಮುಂಚೆ ನಿವೃತ್ತಿ ನಿಧಿಯ ಲೆಕ್ಕವನ್ನು ಕೇಳಿದೆ; ಆ ಅಧಿಕಾರಿಯು ಇಷ್ಟು ಎಳೆಯ ವಯಸ್ಸಿಗೆ ಅದೇಕೆ ಎಂದು ನಕ್ಕು ಬೇರೆ ಮಾತೆತ್ತಿದನು. 1974ರ ಸೆಪ್ಟೆಂಬರ್ 2ರಂದು, ಅಲ್ಲಿನ ಕಾರ್ಮಿಕ ದಿನವೇ ಆಗಿದ್ದ ಸೋಮವಾರ, ಅಧ್ಯಕ್ಷ ಜೆರಾಲ್ಡ್ ಫೋರ್ಡರು ನೌಕರರ ಪಿಂಚಣಿಯನ್ನು ರಕ್ಷಿಸುವ ಶಾಸನಕ್ಕೆ ಸಹಿ ಹಾಕಿದರು. ನಿಧಿಯೇ ಮುಳುಗಿದರೆ ಒಂದು ಮಿತಿಯವರೆಗೆ ತುಂಬಿಕೊಡುವ ವಿಮಾ ಸಂಸ್ಥೆಯೂ ಅದರಿಂದಲೇ ಹುಟ್ಟಿತು. ಅದರ ತರುವಾಯ ವರ್ಷಕ್ಕೊಮ್ಮೆ ನಿಧಿಯ ಸಂಕ್ಷಿಪ್ತ ವರದಿಯೊಂದು ಪ್ರತಿಯೊಬ್ಬ ನೌಕರನ ಮೇಜಿಗೂ ಬರತೊಡಗಿತು. ಸಹೋದ್ಯೋಗಿಗಳಲ್ಲಿ ಬಹುಮಂದಿ ಅದನ್ನು ಲಕೋಟೆಯ ಸಹಿತ ಕಸದ ಬುಟ್ಟಿಗೆ ಹಾಕುತ್ತಿದ್ದರು. ನಾನು ನಿವೃತ್ತನಾಗುವವರೆಗೂ, ನಿಧಿಯ ಆಸ್ತಿ ಎಷ್ಟು, ಕಾನೂನು ವಿಧಿಸಿದಷ್ಟು ಹಣವನ್ನು ಕಂಪನಿಯು ಕಟ್ಟಿದೆಯೇ ಎಂಬೆರಡು ಸಾಲುಗಳನ್ನು ಹುಡುಕಿ ಓದಿ, ಹಿಂದಿನ ವರ್ಷದ್ದರೊಡನೆ ಹೋಲಿಸಿ ನೋಡಿ, ಕಡತದಲ್ಲಿ ಸೇರಿಸುತ್ತಿದ್ದೆ.