ರೋಗಾಣುವಿಗೂ ನಾವೇ ಬೀಜ ಆರಿಸುತ್ತಿದ್ದೇವೆ!

ದನಕ್ಕೆ ಕೆಚ್ಚಲು ಬಾವು. ಡಾಕ್ಟರು ಬರೆದ ಟ್ಯೂಬುಗಳಲ್ಲಿ ಎರಡು ಏರಿಸುವಾಗಲೇ ಬಾವು ಇಳಿಯಿತು. ಉಳಿದದ್ದನ್ನು ‘ಮುಂದಕ್ಕಾಯ್ತು’ ಎಂದು ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟೆವು. ನಮ್ಮಲ್ಲಿ ಹಲವರ ಕತೆ ಇದೇ ಅಲ್ಲವೇ? ಮತ್ತೊಮ್ಮೆ ಬಾವು ಬಂದಾಗ ಕೆಲವೊಮ್ಮೆ ಅದೇ ಮದ್ದು ನಾಟುವುದಿಲ್ಲ. ‘ದನಕ್ಕೆ ಮದ್ದು ಅಭ್ಯಾಸ ಆಗಿದೆ’ ಅಂತೇವೆ. ತಪ್ಪು. ಬದಲಾದದ್ದು ದನ ಅಲ್ಲ, ರೋಗಾಣು.

ಹೇಗೆ? ಒಳ್ಳೆಯ ತಾಯಿಮರ ನೋಡಿ ಬೀಜಕ್ಕೆ ತೆಂಗಿನಕಾಯಿ ಇಡುತ್ತೇವಲ್ಲ, ಹಾಗೆಯೇ. ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳ ನಡುವೆ ಮದ್ದಿಗೆ ಬಗ್ಗದ ಒಂದೆರಡು ಮೊದಲೇ ಇರಬಹುದು. ಮದ್ದು ಬಿದ್ದಾಗ ಮಿಕ್ಕವು ಸಾಯುತ್ತವೆ, ಗಟ್ಟಿಗಳಿಗೆ ಜಾಗ ಖಾಲಿ. ಅನುಕೂಲ ಸಿಕ್ಕಿದರೆ ಕೆಲವು ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಲೆಕ್ಕ ಹಾಕಿ ನೋಡಿ, ಹತ್ತು ಗಂಟೆಯಲ್ಲಿ ಒಂದು ಹೋಗಿ ನೂರು ಕೋಟಿ! ಸಾಲದ್ದಕ್ಕೆ, ಈ ಗುಣ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಬಲ್ಲದು.

ಕೊಲಿಸ್ಟಿನ್ ಕಲಿಸಿದ ಪಾಠ

ಕೊಲಿಸ್ಟಿನ್ ಎಂದರೆ ಬೇರೆ ಯಾವುದೂ ನಾಟದಿದ್ದಾಗ ಆಸ್ಪತ್ರೆಯಲ್ಲಿ ಕೊನೆಗೆ ಕೊಡುವ ಮದ್ದು. ಚೀನಾದಲ್ಲಿ ಹಂದಿಗಳು ಬೇಗ ಬೆಳೆಯಲೆಂದು ಇದನ್ನೇ ಆಹಾರಕ್ಕೆ ಸೇರಿಸುತ್ತಿದ್ದರು. ಇದಕ್ಕೆ ಬಗ್ಗದ, ಒಂದರಿಂದ ಇನ್ನೊಂದಕ್ಕೆ ದಾಟಬಲ್ಲ ಗುಣ 2015ರಲ್ಲಿ ಅಲ್ಲಿಯ ಹಂದಿ, ಮಾಂಸ, ಕಡೆಗೆ ಆಸ್ಪತ್ರೆಯ ರೋಗಿಗಳಲ್ಲೂ ಪತ್ತೆಯಾಯಿತು. 2017ರಲ್ಲಿ ಚೀನಾ ಅದನ್ನು ಆಹಾರಕ್ಕೆ ಬೆರೆಸುವುದನ್ನು ನಿಲ್ಲಿಸಿತು. ನಮ್ಮಲ್ಲಿ ಕೋಳಿ ಸಾಕಣೆಯಲ್ಲಿ ಇದರ ಬಳಕೆ ಇತ್ತು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡುವುದನ್ನು ಕೇಂದ್ರ ಸರಕಾರ 2019ರಲ್ಲಿ ನಿಷೇಧಿಸಿತು.

ಹಟ್ಟಿಯಲ್ಲಿ ನಾವೇನು ಮಾಡಬಹುದು?

* ಮದ್ದು ಡಾಕ್ಟರು ಹೇಳಿದಷ್ಟೇ, ಹೇಳಿದಷ್ಟು ದಿನ. ಕಮ್ಮಿಯೂ ಬೇಡ, ಜಾಸ್ತಿಯೂ ಬೇಡ. ಹಳೆಯ ಚೀಟಿ ನೋಡಿ ಅಂಗಡಿಯಿಂದ ತರುವುದು ಬಿಡೋಣ.

* ಮೂರು ದಿನದ ಜ್ವರ, ಕಾಲುಬಾಯಿ ಜ್ವರ ಇವೆಲ್ಲ ವೈರಸ್ಸಿನವು. ವೈರಸ್ಸಿಗೆ ಆಂಟಿಬಯೋಟಿಕ್ ನಾಟದು. ‘ಒಂದು ಇಂಜೆಕ್ಷನ್ ಹಾಕಿಯೇ ಬಿಡಿ’ ಎಂದು ನಾವಾಗಿ ಒತ್ತಾಯಿಸುವುದು ಬೇಡ.

* ಮದ್ದು ನಡೆಯುವಾಗಿನ ಹಾಲು, ಮತ್ತೆ ಡಾಕ್ಟರು ಹೇಳಿದಷ್ಟು ದಿನದ್ದು, ಡೈರಿಗೆ ಬೇಡ. ಕರುವಿಗೂ ಕುಡಿಸಬೇಡಿ, ಅದರ ಹೊಟ್ಟೆಯಲ್ಲೂ ಇದೇ ಆಯ್ಕೆ ಶುರುವಾಗುತ್ತದೆ.

* ಕೈ, ಕೆಚ್ಚಲು, ಹಟ್ಟಿಯ ನೆಲ ಚೊಕ್ಕ ಇರಲಿ. ಹಾಲು ಕರೆದ ಕೂಡಲೇ ಮೊಲೆಯ ತೂತು ಮುಚ್ಚಿಕೊಳ್ಳುವುದಿಲ್ಲ. ಹುಲ್ಲು ಹಾಕಿ ದನವನ್ನು ಅರ್ಧ ಗಂಟೆ ನಿಲ್ಲಿಸಿಕೊಳ್ಳಿ.

ಬಾವೇ ಬಾರದಿದ್ದರೆ ಮದ್ದಿನ ಮಾತೇ ಇಲ್ಲ. ನೆನಪಿರಲಿ, ನಾಳೆ ನಮ್ಮ ಮಕ್ಕಳಿಗೆ ಬೇಕಾಗುವ ಮದ್ದೂ ಇದೇ ಬಳಗದ್ದು.