ಸುರುಳಿ ಕೆಡಿಸಿದ್ದು ನಾನಲ್ಲ

ಲಗ್ನದ ದಿನಗಳಲ್ಲಿ ನಮ್ಮ ಕಡೆ ಪಾರ್ಲರ್‌ನವರು ಮದುಮಗಳನ್ನು ಬಿಟ್ಟು ಬೇರೆಯವರ ತಲೆ ಮುಟ್ಟುವುದಿಲ್ಲ. ಸೋಂಪುರದಿಂದ ದಾಬಸ್‌ಪೇಟೆಗೆ ಹೋದರೂ ಅದೇ ಉತ್ತರ, ನೆಲಮಂಗಲಕ್ಕೆ ಹೋದರೂ ಅದೇ. ಚಿಕ್ಕಪ್ಪನ ಮಗಳ ರಿಸೆಪ್ಷನ್‌ಗೆ ನನ್ನ ಕೂದಲು ನಾನೇ ಸುರುಳಿ ಮಾಡಿಕೊಳ್ಳುತ್ತೇನೆ ಅಂತ ಹಟ ಹಿಡಿದು ಬಿಸಿ ರೋಲರ್ ಸೆಟ್ ತರಿಸಿದೆ. ಆ ಹಟದ ಬಗ್ಗೆ ಈಗಲೂ ನನಗೆ ಬೇಸರವಿಲ್ಲ. ಛತ್ರದಲ್ಲಿ ನಡೆದದ್ದನ್ನು ನಮ್ಮ ನೆಂಟರು ಬೇರೆ ಥರ ಹೇಳಿಕೊಂಡು ತಿರುಗುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕರೆಂಟಿನ ವಿಷಯ. ಪೆಟ್ಟಿಗೆಯ ಮೇಲೆ ಬರೆದಿರುವ ಹೊತ್ತನ್ನು ನಂಬಬೇಡಿ. ಅದು 230 ವೋಲ್ಟ್ ಸರಿಯಾಗಿ ಬರುವ ಮನೆಯ ಲೆಕ್ಕ. ಸಂಜೆ ವೋಲ್ಟೇಜ್ 160ಕ್ಕೆ ಇಳಿಯಿತು ಅಂದರೆ ಬರೀ ಕಾಯಿಲ್ ಇರುವ ಸೆಟ್ಟಿಗೆ ಸಿಗುವ ಶಾಖ ಅರ್ಧಕ್ಕೂ ಕಡಿಮೆ. ಫ್ಯಾನು ನಿಧಾನಕ್ಕೆ ತಿರುಗುತ್ತಿದೆಯಾ ನೋಡಿ. ಹಾಗಿದ್ದರೆ ರೋಲರ್ ಬೆಚ್ಚಗಾಗುತ್ತದೆಯೇ ಹೊರತು ಕಾಯುವುದಿಲ್ಲ. ನಾನು ಮನೆಯಲ್ಲಿ ಕಲಿತದ್ದೆಲ್ಲ ಬೆಳಗಿನ ಜಾವ, ಊರು ಏಳುವ ಮುಂಚೆ. ಬೆಳಗ್ಗೆ ಕೂತ ಸುರುಳಿ ಮಧ್ಯಾಹ್ನದವರೆಗೂ ನಿಲ್ಲುತ್ತಿತ್ತು. ಕೈ ಕೂತಿತ್ತು, ಧೈರ್ಯವೂ ಬಂದಿತ್ತು.

ರಿಸೆಪ್ಷನ್ ದಿನ ಛತ್ರದಲ್ಲಿ ಹೆಣ್ಣಿನ ಕಡೆಯವರಿಗೆ ಕೊಟ್ಟ ರೂಮಿನಲ್ಲಿ ಇದ್ದದ್ದು ಒಂದೇ ಪ್ಲಗ್ ಪಾಯಿಂಟ್. ಅದರಲ್ಲಿ ಆಗಲೇ ಯಾರದೋ ಮೊಬೈಲು. ಅದನ್ನು ಕಿತ್ತು ಸೆಟ್ ಹಾಕಿದೆ, ಕಾಯಲು ಬಿಟ್ಟು ಸೀರೆ ಉಟ್ಟೆ. ನೆತ್ತಿಯಿಂದ ಶುರು ಮಾಡಿ ಹಿಂದಕ್ಕೆ, ಆಮೇಲೆ ಎರಡೂ ಪಕ್ಕ, ಬಾಚಣಿಗೆಯ ಹಿಡಿಯಿಂದ ಬೈತಲೆ ತೆಗೆದು ರೋಲರ್‌ನಷ್ಟೇ ಅಗಲದ ಎಳೆ ಹಿಡಿದು ಸುತ್ತುತ್ತಾ ಬಂದೆ. ಕೊನೆಯದಕ್ಕೆ ಕ್ಲಿಪ್ ಹಾಕುವಾಗ ಕರೆಂಟ್ ಹೋಯಿತು. ಜನರೇಟರ್ ಹಾಕಿದರು. ನನಗೆ ಅದರಿಂದ ಆಗಬೇಕಾದದ್ದು ಏನೂ ಇರಲಿಲ್ಲ, ರೋಲರ್‌ಗಳೆಲ್ಲ ತಲೆಯ ಮೇಲಿದ್ದವು. ಇನ್ನು ತಣಿಯುವುದೊಂದೇ ಬಾಕಿ.

ಆಗ ದೊಡ್ಡಮ್ಮ ಬಂದರು.

"ಏನೇ ಇದು, ತಲೆ ತುಂಬಾ ಡಬ್ಬಿ ಸಿಕ್ಕಿಸ್ಕೊಂಡು ಕೂತಿದ್ದೀಯಾ? ಗಂಡಿನ ಕಡೆಯೋರು ಬಾಗಿಲಲ್ಲಿದ್ದಾರೆ. ಆರತಿ ತಟ್ಟೆ ಹಿಡಿಯೋರು ಯಾರು?"

"ಬಿಸಿ ಇದೆ ದೊಡ್ಡಮ್ಮ, ತಣ್ಣಗಾಗ್ಲಿ."

"ಬಿಸಿ ಇರುವಾಗ್ಲೇ ತಾನೇ ಸುತ್ತಿದ್ದು? ಆಗಿರುತ್ತೆ ಬಿಡು." ಅಷ್ಟಂದವರೇ ಬಲಗಿವಿಯ ಹಿಂದಿನ ರೋಲರ್ ಹಿಡಿದು ಎಳೆದೇಬಿಟ್ಟರು. ಕ್ಲಿಪ್ ತೆಗೆಯಲಿಲ್ಲ. ಕ್ಲಿಪ್ ಹಾರಿ ಮಂಚದಡಿ ಸೇರಿತು, ರೋಲರ್ ಅರ್ಧ ತಿರುಗಿ ನಿಂತಿತು. ಸುತ್ತಿದ ಎಳೆ ಅದರ ಎರಡೂ ಅಂಚಿನಿಂದ ಜಾರಿ ಅಡ್ಡಡ್ಡ ಹೆಣೆದುಕೊಂಡಿತು. ಅವರು ಇನ್ನೊಂದು ಸಲ ಎಳೆದರು. ಕಣ್ಣಲ್ಲಿ ನೀರು ಬಂತು. ರೋಲರ್ ಬುಡಕ್ಕೆ ಬಂದು ಕಚ್ಚಿಕೊಂಡಿತು, ಬಿಸಿ ಕತ್ತಿಗೆ ತಾಗುತ್ತಿತ್ತು. ಹೊರಗೆ ವಾಲಗ ಶುರು. ಯಾರೋ ಹೂ ಕಟ್ಟುವವಳ ಹತ್ತಿರದಿಂದ ಕತ್ತರಿಯನ್ನೇ ತಂದರು! ನಾನು ಎರಡೂ ಕೈಯಲ್ಲಿ ಕೂದಲು ಮುಚ್ಚಿಕೊಂಡು ಕಿರುಚಿದೆ. ಕೊನೆಗೆ ಚಿಕ್ಕಮ್ಮ ಕೊಬ್ಬರಿ ಎಣ್ಣೆ ಸುರಿದು, ಪಿನ್ನಿನ ತುದಿಯಿಂದ ಎಳೆ ಎಳೆಯಾಗಿ ಬಿಡಿಸಿದರು. ಕೂದಲು ಉಳಿಯಿತು. ಆದರೆ ಎಣ್ಣೆ ಕುಡಿದ ಬಲಪಕ್ಕ ತಲೆಗೆ ಅಂಟಿಕೊಂಡಿತು, ಎಡಪಕ್ಕ ಸುರುಳಿ ಸುರುಳಿಯಾಗಿ ಭುಜಕ್ಕೆ ಇಳಿಯಿತು. ಆಲ್ಬಮ್ಮಿನಲ್ಲಿ ಎಲ್ಲ ಫೋಟೋದಲ್ಲೂ ನಾನು ಎಡಗೆನ್ನೆ ಮುಂದೆ ಮಾಡಿಕೊಂಡೇ ನಿಂತಿದ್ದೇನೆ.

"ಅವಳಿಗೆ ಬರ್ತಿರಲಿಲ್ಲ, ಸುಮ್ನೆ ತಂದ್ಳು" ಅಂತ ದೊಡ್ಡಮ್ಮ ಊಟದ ಪಂಕ್ತಿಯಲ್ಲೇ ಹೇಳಿದರಂತೆ. ಬರದಿದ್ದರೆ ಎಡಪಕ್ಕ ಹೇಗೆ ಬಂತು?

ಕೂದಲಿನಲ್ಲಿರುವುದು ಕೆರಾಟಿನ್ ಅನ್ನುವ ಪ್ರೋಟೀನು. ಅದರ ಎಳೆಗಳನ್ನು ಹಿಡಿದಿಡುವ ಹೈಡ್ರೋಜನ್ ಬಂಧಗಳು ಶಾಖಕ್ಕೂ ನೀರಿಗೂ ಸಡಿಲವಾಗುತ್ತವೆ, ತಣಿದಾಗ ಕೂದಲು ಯಾವ ಆಕಾರದಲ್ಲಿದೆಯೋ ಅದೇ ಆಕಾರದಲ್ಲಿ ಮತ್ತೆ ಬಿಗಿಯುತ್ತವೆ. ಅಂದರೆ ಸುರುಳಿ ಕೂರುವುದು ತಣಿಯುವಾಗ. ಬಿಸಿಯಲ್ಲೇ ಬಿಚ್ಚಿದರೆ ಕೂದಲು ನೆಟ್ಟಗೆ ಜೋತುಬಿದ್ದೇ ತಣಿಯುತ್ತದೆ. ಪರ್ಮ್ ಮಾಡಿಸಿದ ಸುರುಳಿ ತಲೆಗೆ ನೀರು ಹಾಕಿದರೂ ಹೋಗದಿರುವುದು ಅಲ್ಲಿ ರಾಸಾಯನಿಕದಿಂದ ಗಂಧಕದ ಬಂಧಗಳನ್ನೇ ಮುರಿದು ಕಟ್ಟುವುದರಿಂದ. ರೋಲರ್‌ಗೆ ಆ ಶಕ್ತಿ ಇಲ್ಲ. 1960ರ ದಶಕದಲ್ಲಿ ಡೆನ್ಮಾರ್ಕ್‌ನ ಕಾರ್ಮೆನ್ ಕಂಪನಿ ಈ ಬಿಸಿ ರೋಲರ್‌ಗಳನ್ನು ಮನೆಮನೆಗೆ ತಲುಪಿಸಿತು. ಅಲ್ಲಿಯ ದೊಡ್ಡಮ್ಮಂದಿರು ಹೇಗೋ ಏನೋ.

ಇನ್ನು ನೀವು ಮಾಡುವುದಾದರೆ: ಹಿಂದಿನ ದಿನವೇ ತಲೆಗೆ ನೀರು ಹಾಕಿಕೊಳ್ಳಿ, ಎಣ್ಣೆ ಮುಟ್ಟಬೇಡಿ. ಕೂದಲು ಪೂರ್ತಿ ಒಣಗಿರಲಿ. ತುದಿ ಮಡಚಿಕೊಳ್ಳದಂತೆ ಸುತ್ತಿ. ಬಿಚ್ಚುವಾಗ ಮೊದಲು ಕ್ಲಿಪ್, ಆಮೇಲೆ ರೋಲರ್ ಸುತ್ತು ಬಿಡಿಸುತ್ತಾ ತೆಗೆಯಿರಿ. ಬಾಚಣಿಗೆ ಬೇಡ, ಬೆರಳು ಸಾಕು. ಶಿವಗಂಗೆ ಬೆಟ್ಟದ ಮೇಲೆ ಮೋಡ ಕೂತಿದ್ದರೆ ಆ ದಿನ ಜಡೆಯೇ ಹಾಕಿಕೊಳ್ಳಿ, ತೇವಕ್ಕೆ ಸುರುಳಿ ನಿಲ್ಲುವುದಿಲ್ಲ. ಮತ್ತೆ, ರೂಮಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ.

ಈಗ ದೊಡ್ಡಮ್ಮನ ಸೊಸೆ ತನ್ನ ಸೀಮಂತಕ್ಕೆ ಸೆಟ್ ಕೇಳಿದ್ದಾಳೆ. ಕೊಡುತ್ತೇನೆ ಅಂದಿದ್ದೇನೆ, ದೊಡ್ಡಮ್ಮನೇ ಫೋನ್ ಮಾಡಿ ಕೇಳಿದರೆ.